ಹೊಸ ಡೋವೆಲ್ ಜಿಗ್: ಎಡಗಡೆಯ ಮೂಲೆಗಳು ಸರಿ, ಬಲಗಡೆಯವು ಅರ್ಧ ಮಿಲಿಮೀಟರ್ ತಪ್ಪು. ಏಕೆ?

ಖಾತೆಪುಸ್ತಕ

ಎಲ್ಲರಿಗೂ ನಮಸ್ಕಾರ. ಮರಗೆಲಸಕ್ಕೆ ನಾನು ಹೊಸಬ. ಹಗಲೆಲ್ಲ ಲೆಕ್ಕಪತ್ರ ನೋಡುವ ಕೆಲಸ, ರಜೆಯ ದಿನ ಮಾತ್ರ ಗರಗಸ ಹಿಡಿಯುವುದು. ಇದುವರೆಗೆ ಮಾಡಿದ್ದೆಲ್ಲ ಸ್ಕ್ರೂ ಬಿಗಿದು ನಿಲ್ಲಿಸಿದ ಸಾಮಾನುಗಳೇ. ಸ್ಕ್ರೂ ತಲೆ ಎಲ್ಲಿಯೂ ಕಾಣದ ಒಂದು ಕನ್ನಡಿಯ ಚೌಕಟ್ಟು ಮಾಡಬೇಕೆಂದು ಆಸೆಯಾಗಿ, ಕಳೆದ ವಾರ ಡೋವೆಲ್ ಜಿಗ್ ತಂದೆ. ಡೋವೆಲ್ ಎಂದರೆ ಎರಡು ಪಟ್ಟಿಗಳನ್ನು ಒಳಗಿನಿಂದ ಕೂಡಿಸುವ ದುಂಡನೆಯ ಮರದ ಕಡ್ಡಿ; ಅದಕ್ಕೆ ತೂತು ಕೊರೆಯಲು ದಾರಿ ತೋರಿಸುವುದು ಜಿಗ್.

ತಾನಾಗಿಯೇ ನಡುವನ್ನು ಹಿಡಿಯುವ ಬಗೆಯ ಜಿಗ್ ಇದು. ಒಂದು ಪಕ್ಕದಲ್ಲಿರುವ ಗುಂಡನೆಯ ಹಿಡಿಯನ್ನು ತಿರುಗಿಸಿದರೆ ಎರಡು ದವಡೆಗಳು ಎರಡೂ ಕಡೆಯಿಂದ ಒಂದೇ ವೇಗದಲ್ಲಿ ಹತ್ತಿರ ಬಂದು ಮರವನ್ನು ಕಚ್ಚುತ್ತವೆ. ನಡುವಿನ ಅಲ್ಯೂಮಿನಿಯಂ ದಿಮ್ಮಿಯಲ್ಲಿ 6, 8 ಮತ್ತು 10 ಮಿ.ಮೀ. ಅಳತೆಯ ಉಕ್ಕಿನ ಬುಶ್‌ಗಳಿವೆ, ಅಂದರೆ ಡ್ರಿಲ್ ಬಿಟ್ಟನ್ನು ನೆಟ್ಟಗೆ ಇಳಿಸುವ ಕೊಳವೆಗಳು. ಪಟ್ಟಿ ಎಷ್ಟೇ ದಪ್ಪವಿರಲಿ, ತೂತು ಅದರ ನಡುಮಧ್ಯಕ್ಕೇ ಬೀಳುತ್ತದೆ ಎಂದು ಜೊತೆಗೆ ಬಂದ ಹಾಳೆ ಹೇಳುತ್ತದೆ. ನಾನೂ ನಂಬಿದೆ.

ಚೌಕಟ್ಟಿನ ನಾಲ್ಕು ಪಟ್ಟಿಗಳೂ 22 ಮಿ.ಮೀ. ದಪ್ಪ, 60 ಮಿ.ಮೀ. ಅಗಲ. ಡೋವೆಲ್‌ನ ದಪ್ಪ ಮರದ ದಪ್ಪದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಅರ್ಧವನ್ನು ಮೀರಬಾರದು ಎಂದು ಓದಿದ್ದೆ. ಹಾಗಾಗಿ 8 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಡೋವೆಲ್ ಆರಿಸಿದೆ. ಮೂಲೆಗೆ ಎರಡರಂತೆ ಒಟ್ಟು ಎಂಟು. ಒಂದೇ ಡೋವೆಲ್ ಹಾಕಿದರೆ ಪಟ್ಟಿ ಅದರ ಸುತ್ತ ತಿರುಗಬಹುದು, ಆದ್ದರಿಂದ ಎರಡು. ಪ್ರತಿ ತೂತಿನ ಆಳ 21 ಮಿ.ಮೀ.; ಡೋವೆಲ್‌ನ ಅರ್ಧ ಉದ್ದ 20, ಹೆಚ್ಚುವರಿ ಅಂಟು ನಿಲ್ಲಲು ಇನ್ನೊಂದು. ಬುಶ್‌ನ ಎತ್ತರ 25 ಮಿ.ಮೀ. ಇರುವುದರಿಂದ ಎರಡನ್ನೂ ಕೂಡಿ, ಡ್ರಿಲ್ ಬಿಟ್‌ನ ಮೇಲೆ 46 ಮಿ.ಮೀ.ಗೆ ತಡೆಬಳೆ ಬಿಗಿದೆ.

ಅಂಟು ಹಚ್ಚದೆ ಜೋಡಿಸಿ ನೋಡಿದಾಗ ಎಡಗಡೆಯ ಎರಡು ಮೂಲೆಗಳು ಎಷ್ಟು ಚೆನ್ನಾಗಿ ಕೂತವೆಂದರೆ, ಕಣ್ಣು ಮುಚ್ಚಿ ಬೆರಳು ಸವರಿದರೆ ಒಂದು ಪಟ್ಟಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಮನೆಯವರನ್ನೆಲ್ಲ ಕರೆದು ಸವರಿಸಿದೆ. ಆಮೇಲೆ ಬಲಗಡೆಯನ್ನು ಜೋಡಿಸಿದೆ. ಅಲ್ಲಿ ಎರಡೂ ಮೂಲೆಗಳಲ್ಲಿ ಅಡ್ಡಪಟ್ಟಿಯ ಮುಖ ನಿಲುವುಪಟ್ಟಿಗಿಂತ ಅರ್ಧ ಮಿಲಿಮೀಟರಿನಷ್ಟು ಮೇಲೆದ್ದಿದೆ. ತಿರುವಿ ಹಿಂಬದಿ ನೋಡಿದರೆ ತದ್ವಿರುದ್ಧ, ಅಲ್ಲಿ ನಿಲುವುಪಟ್ಟಿ ಎದ್ದಿದೆ. ಓರೆಯಾಗಿ ಬೆಳಕು ಬಿದ್ದರೆ ಆ ಮೂಲೆಯಲ್ಲಿ ದಾರದಂತಹ ನೆರಳು. ಈಗ ನನ್ನ ಕಣ್ಣಿಗೆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ, ಆ ನೆರಳೇ ಕಾಣುತ್ತದೆ.

ನಾಲ್ಕೂ ಪಟ್ಟಿಗಳ ದಪ್ಪವನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೆ. ಎಲ್ಲವೂ 22. ಬಿಟ್ ಹೊಸದು. ಜಿಗ್ಗನ್ನು ಬಿಗಿಯಾಗಿಯೇ ಹಿಡಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅದಕ್ಕೇ ಜಿಗ್ ಮೇಲೆ ತಪ್ಪು ಹೊರಿಸುವ ಮೊದಲು ಕೇಳುತ್ತಿದ್ದೇನೆ. ಕೈ ತಪ್ಪಿದ್ದರೆ ಒಂದೊಂದು ಮೂಲೆ ಒಂದೊಂದು ರೀತಿ ತಪ್ಪಬೇಕಿತ್ತಲ್ಲವೇ? ಎರಡು ಪೂರ್ತಿ ಸರಿ, ಇನ್ನೆರಡು ಒಂದೇ ಅಳತೆಗೆ, ಒಂದೇ ದಿಕ್ಕಿಗೆ ತಪ್ಪುವುದು ಹೇಗೆ?

ಇನ್ನೂ ಒಂದು ವಿಷಯ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು. ಕೊನೆಯ ಎರಡು ತೂತುಗಳು ಮಿಕ್ಕವಕ್ಕಿಂತ ಆಳವಾಗಿವೆ. ಒಂದರಲ್ಲಿ ಡೋವೆಲ್ ಒಳಗೆ ಹೋಗಿ ಸಿಕ್ಕಿಕೊಂಡಿದೆ, ಹೊರಗೆ 13 ಮಿ.ಮೀ. ಮಾತ್ರ ಉಳಿದಿದೆ. ಇಕ್ಕಳ ಹಾಕಿ ಎಳೆದರೂ ಬರುತ್ತಿಲ್ಲ.

ಮೂಲೆಮಟ್ಟ

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಬಿಟ್ ಮರದ ಎಳೆ ಹಿಡಿದು ಪಕ್ಕಕ್ಕೆ ಸರಿದಿದ್ದರೆ, ಅಥವಾ ಕ್ಲ್ಯಾಂಪ್ ಜಾರಿದ್ದರೆ, ನೀವೇ ಹೇಳಿದಂತೆ ತಪ್ಪು ಚೆಲ್ಲಾಪಿಲ್ಲಿಯಾಗಿರುತ್ತಿತ್ತು. ಒಂದೇ ಅಳತೆಯಲ್ಲಿ ಮರುಕಳಿಸುವ ತಪ್ಪು ಉಪಕರಣದ್ದು. ಆದರೆ ಅದು ಎರಡು ಮೂಲೆಗಳಲ್ಲಿ ಮಾತ್ರ ಕಾಣಿಸಿಕೊಳ್ಳಬೇಕಾದರೆ ಅದರಲ್ಲಿ ನಿಮ್ಮ ಕೈಯೂ ಸೇರಿರಬೇಕು. ನೆಲವೂ ಸ್ವಲ್ಪ ಡೊಂಕು, ಕುಣಿತವೂ ಸ್ವಲ್ಪ ಡೊಂಕು.

ಮೊದಲು ಒಂದು ಪ್ರಶ್ನೆ. ಅಡ್ಡಪಟ್ಟಿಯ ಎಡತುದಿಗೆ ತೂತು ಕೊರೆದ ಮೇಲೆ, ಬಲತುದಿಯನ್ನು ಮೇಲೆ ತರಲು ಪಟ್ಟಿಯನ್ನು ವೈಸ್‌ನಲ್ಲಿ (ಮರವನ್ನು ಕಚ್ಚಿ ಹಿಡಿಯುವ ಮೇಜಿನ ಹಿಡಿಕೆಯಲ್ಲಿ) ಹೇಗೆ ತಿರುಗಿಸಿದಿರಿ? ಎರಡು ದಾರಿಗಳಿವೆ. ಪಟ್ಟಿಯ ಮುಖ ನಿಮ್ಮನ್ನೇ ನೋಡುತ್ತಿರುವಂತೆ, ಗಡಿಯಾರದ ಮುಳ್ಳಿನ ಹಾಗೆ ಸುತ್ತಿಸಿ ತಲೆಕೆಳಗು ಮಾಡುವುದು ಒಂದು. ಲಾಗ ಹಾಕಿಸಿದಂತೆ ಮುಂದಕ್ಕೆ ಮಗುಚುವುದು ಇನ್ನೊಂದು. ಎರಡನೆಯದರಲ್ಲಿ ಬಲತುದಿ ಮೇಲೆ ಬರುತ್ತದೆ ನಿಜ, ಆದರೆ ಪಟ್ಟಿಯ ಮುಖ ಗೋಡೆಯ ಕಡೆಗೆ ಹೋಗಿ ಬೆನ್ನು ನಿಮ್ಮ ಕಡೆಗೆ ಬಂದಿರುತ್ತದೆ. ನೀವು ಎರಡನೆಯದನ್ನೇ ಮಾಡಿದ್ದೀರಿ, ಜಿಗ್‌ನ ಹಿಡಿ ಮಾತ್ರ ಪ್ರತಿ ಸಲವೂ ನಿಮ್ಮ ಕಡೆಗೇ ಇತ್ತು ಎಂಬುದು ನನ್ನ ಊಹೆ. ಬಲಗೈಯವರು ಹಾಗೆಯೇ ಹಿಡಿಯುತ್ತಾರೆ.

ಅದರಿಂದ ಏನಾಗುತ್ತದೆ ನೋಡಿ. ನಡು ಹಿಡಿಯುವ ಜಿಗ್‌ನಲ್ಲಿ ತಿರುಪಿನ ಒಂದು ಅರ್ಧಕ್ಕೆ ಬಲಸುತ್ತಿನ ಮರೆ (ತಿರುಪಿನ ಮೈಮೇಲಿನ ಸುರುಳಿ ಗೀರು), ಇನ್ನೊಂದು ಅರ್ಧಕ್ಕೆ ಎಡಸುತ್ತಿನ ಮರೆ ಇರುತ್ತದೆ. ದವಡೆಗಳು ಒಟ್ಟಿಗೆ ಸರಿಯುವುದು ಅದರಿಂದಲೇ. ಆ ಮರೆಗಳಲ್ಲಿ ಸ್ವಲ್ಪ ಸಡಿಲವಿದ್ದರೆ, ಇಲ್ಲವೇ ಬುಶ್ ಕೂತ ಜಾಗ ಕೂದಲೆಳೆ ಸರಿದಿದ್ದರೆ, ತೂತು ನಿಜವಾದ ನಡುವಿಗೆ ಬೀಳುವುದಿಲ್ಲ. ಯಾವಾಗಲೂ ಹಿಡಿಯ ಕಡೆಗೋ ಅದರ ಎದುರು ಕಡೆಗೋ ಒಂದಿಷ್ಟು ವಾಲಿರುತ್ತದೆ. ಕೂಡುವ ಎರಡೂ ಪಟ್ಟಿಗಳಲ್ಲಿ ಅದು ಮುಖದ ಕಡೆಗೇ ವಾಲಿದ್ದರೆ ತೊಂದರೆಯಿಲ್ಲ, ಎರಡೂ ಸಮನಾಗಿ ತಪ್ಪಿ ಕೂಡುವಾಗ ಸರಿಹೋಗುತ್ತವೆ. ಒಂದು ಪಟ್ಟಿಯಲ್ಲಿ ಮುಖದ ಕಡೆಗೆ, ಇನ್ನೊಂದರಲ್ಲಿ ಬೆನ್ನಿನ ಕಡೆಗೆ ವಾಲಿದರೆ ತಪ್ಪು ಎರಡರಷ್ಟಾಗುತ್ತದೆ.

ಊಹೆ ನಿಜವೋ ಸುಳ್ಳೋ ನೋಡಲು ಐದು ನಿಮಿಷ ಸಾಕು. ಅದೇ 22 ಮಿ.ಮೀ. ದಪ್ಪದ ಒಂದು ತುಂಡು ತೆಗೆದುಕೊಂಡು, ಒಂದು ಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ಹಿಡಿ ಆ ಮುಖದ ಕಡೆಗಿರುವಂತೆ ಜಿಗ್ ಹಿಡಿಸಿ ಒಂದು ತೂತು ಕೊರೆಯಿರಿ. ತೂತಿನ ಎರಡೂ ಪಕ್ಕ ಉಳಿದಿರುವ ಗೋಡೆಗಳ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. 8 ಮಿ.ಮೀ. ತೂತು ಸರಿಯಾಗಿ ನಡುವಿನಲ್ಲಿದ್ದರೆ ಎರಡೂ ಗೋಡೆಗಳು 7 ಇರಬೇಕು.

ಸವೆದ ಉಳಿ

ಇಷ್ಟು ಪಾಡು ಯಾಕೆ? ತಾನೇ ನಡು ಹಿಡಿಯುತ್ತದೆ ಎಂದು ಹೇಳಿಕೊಳ್ಳುವ ಉಪಕರಣ ನಡು ಹಿಡಿಯದಿದ್ದರೆ ತಂದಲ್ಲಿಗೇ ಹಿಂದಿರುಗಿಸಿ. ಡೋವೆಲ್ ಪಾಯಿಂಟ್‌ಗಳೆಂದು ಸಿಗುತ್ತವೆ, ನಡುವಿನಲ್ಲಿ ಮುಳ್ಳಿರುವ ಚಿಕ್ಕ ಲೋಹದ ಬಿಲ್ಲೆಗಳು. ಮೊದಲು ಅಡ್ಡಪಟ್ಟಿಯ ತುದಿಗೆ ತೂತು ಕೊರೆದು ಅವನ್ನು ಅದರೊಳಗೆ ಕೂರಿಸಿ, ಎರಡು ಪಟ್ಟಿಗಳನ್ನೂ ಸಮತಟ್ಟಾದ ಹಲಗೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಕೊಡತಿಯಿಂದ ಒಂದು ಏಟು ಕೊಟ್ಟರೆ ನಿಲುವುಪಟ್ಟಿಯ ಮೇಲೆ ಚುಕ್ಕೆ ಮೂಡುತ್ತದೆ. ಆ ಚುಕ್ಕೆಗೆ ಕೊರೆಯಿರಿ. ಮೊದಲ ತೂತು ಎಲ್ಲಿಗೆ ಬಿದ್ದಿದ್ದರೂ ಎರಡನೆಯದು ಅದಕ್ಕೇ ತಾಳೆಯಾಗುತ್ತದೆ. ನಾನು ಎಷ್ಟೋ ವರ್ಷ ಹಾಗೆಯೇ ಮಾಡಿದ್ದೇನೆ.

ಮೂಲೆಮಟ್ಟ

ಸವೆದ ಉಳಿಯವರೇ, ನಿಮ್ಮ ಕೈಗೆ ಡ್ರಿಲ್ಲನ್ನು ನೆಟ್ಟಗೆ ಹಿಡಿಯುವ ಅಭ್ಯಾಸವಿದೆ, ಹೊಸಬರಿಗೆ ಅದಿರುವುದಿಲ್ಲ. ಬಿಲ್ಲೆ ಜಾಗವನ್ನು ಮಾತ್ರ ತೋರಿಸುತ್ತದೆ. ತೂತು ನೆಟ್ಟಗಿರಬೇಕಾದರೆ ಬುಶ್‌ನಂತಹ ದಾರಿ ಬೇಕು. ಅದರಲ್ಲೂ ಅಡ್ಡಪಟ್ಟಿಯ ತುದಿಯಲ್ಲಿ ಮರದ ಎಳೆಗಳು ಕೊನೆಯಾಗುವ ಕಡೆ ಕೊರೆಯುವಾಗ, ಬಿಟ್ ಗಟ್ಟಿ ಎಳೆಯನ್ನು ತಪ್ಪಿಸಿ ಮೆತ್ತನೆಯದನ್ನು ಹುಡುಕಿಕೊಂಡು ಹೋಗುತ್ತದೆ. ಮೊದಲ ತೂತೇ ಓರೆಯಾದರೆ ಚುಕ್ಕೆ ಸರಿಯಿದ್ದೂ ಕೂಡು ಬಾಯಿ ಬಿಡುತ್ತದೆ.

ಖಾತೆಪುಸ್ತಕ

ಅಳೆದೆ. ಹಿಡಿಯ ಕಡೆಯ ಗೋಡೆ 6.75, ಎದುರಿನದು 7.25. ಎರಡನ್ನೂ 8ಕ್ಕೆ ಕೂಡಿದರೆ 22, ಲೆಕ್ಕ ಸರಿಯಾಯಿತು. ಅಂದರೆ ತೂತು ಕಾಲು ಮಿಲಿಮೀಟರ್ ಹಿಡಿಯ ಕಡೆಗೆ ವಾಲಿದೆ. ನಂಬಿಕೆಯಾಗದೆ ಇನ್ನೂ ಎರಡು ತೂತು ಕೊರೆದೆ. ಅದೇ 6.75, ಅದೇ 7.25. ತಪ್ಪಾದರೂ ನಿಯತ್ತಿನ ತಪ್ಪು.

ನೀವು ಹೇಳಿದ ಲಾಗವೂ ನಿಜ. ನನ್ನ ವೈಸ್ ಗೋಡೆಯ ಪಕ್ಕದಲ್ಲಿದೆ, ಅಡ್ಡಪಟ್ಟಿಯನ್ನು ಗಡಿಯಾರದ ಮುಳ್ಳಿನಂತೆ ಸುತ್ತಿಸಲು ಜಾಗವಿಲ್ಲ, ಆದ್ದರಿಂದ ಮಗುಚಿದ್ದೆ. ಎರಡೂ ಅಡ್ಡಪಟ್ಟಿಗಳಿಗೆ ಹಾಗೆಯೇ ಮಾಡಿದೆ. ನಿಲುವುಪಟ್ಟಿಗಳಲ್ಲಿ ಕೊರೆಯಬೇಕಾದದ್ದು ಒಳ ಅಂಚಿನಲ್ಲಿ ಮಾತ್ರ, ಅವುಗಳ ಮುಖ ಕೊನೆಯವರೆಗೂ ನನ್ನ ಕಡೆಗೇ ಇತ್ತು.

ಒಂದು ಮಾತು ಹೇಳಲೇಬೇಕು. ನಮ್ಮ ಕೆಲಸದಲ್ಲಿ ತಾಳೆಪಟ್ಟಿ ಕೂಡದೆ ಹೋದಾಗ ಮೊದಲು ಮಾಡುವ ಕೆಲಸವೇ ವ್ಯತ್ಯಾಸವನ್ನು ಅರ್ಧ ಮಾಡುವುದು. 500 ತಪ್ಪಿದ್ದರೆ ಪುಸ್ತಕದಲ್ಲಿ 250ರ ನಮೂದನ್ನು ಹುಡುಕುತ್ತೇವೆ. ಖರ್ಚಿನ ಕಡೆಗೆ ಬರೆಯಬೇಕಾದದ್ದನ್ನು ಜಮಾ ಕಡೆಗೆ ಬರೆದರೆ ವ್ಯತ್ಯಾಸ ಎರಡು ಪಟ್ಟಾಗುತ್ತದೆ. ದಿನಬೆಳಗಾದರೆ ಮಾಡುವ ಈ ಕೆಲಸ, ಅರ್ಧ ಮಿಲಿಮೀಟರ್ ನೋಡಿದಾಗ ನನ್ನ ತಲೆಗೆ ಹೊಳೆಯಲಿಲ್ಲ.

ಈಗ ಬಲತುದಿಯ ನಾಲ್ಕು ತೂತುಗಳನ್ನೂ ಡೋವೆಲ್ ತುಂಡು ಅಂಟಿಸಿ ಮುಚ್ಚಿ, ಮತ್ತೆ ಕೊರೆಯಬೇಕೇ?

ಮೂಲೆಮಟ್ಟ

ಮುಚ್ಚಬೇಡಿ. ಕನ್ನಡಿ ಕೂರಿಸಲು ಹಿಂಬದಿಯಲ್ಲಿ ಗಾಡಿ (ಒಳ ಅಂಚಿನ ಮೆಟ್ಟಿಲಿನಂತಹ ಕಚ್ಚು) ಹೊಡೆದಿದ್ದೀರಾ? ಇನ್ನೂ ಇಲ್ಲವೆಂದಾದರೆ ಬಲಗಡೆಯ ನಿಲುವುಪಟ್ಟಿಗೂ ಒಂದು ಲಾಗ ಹಾಕಿಸಿ. ಮೇಲಿನ ತುದಿ ಕೆಳಗೆ, ಬೆನ್ನು ಮುಂದಕ್ಕೆ. ಒಳ ಅಂಚು ಒಳಗಡೆಯೇ ಉಳಿಯುತ್ತದೆ. ಇದುವರೆಗೆ ಮುಖದಿಂದ 10.75ರಲ್ಲಿದ್ದ ತೂತಿನ ನಡು ಈಗ 11.25ಕ್ಕೆ ಬರುತ್ತದೆ. ಅಡ್ಡಪಟ್ಟಿಯ ಬಲತುದಿಯಲ್ಲಿಯೂ ಅದು 11.25ರಲ್ಲಿಯೇ ಇದೆ. ತೂತುಗಳನ್ನು ಎರಡೂ ತುದಿಗಳಿಂದ ಒಂದೇ ಅಂತರಕ್ಕೆ ಗುರುತು ಮಾಡಿದ್ದರೆ ಸಾಕು. ಆ ಪಟ್ಟಿಯ ಬೆನ್ನಿನ ಕಡೆ ಗಂಟು ಗಿಂಟು ಇದ್ದರೆ ಮಾತ್ರ ಯೋಚನೆ ಮಾಡಿ.

ಒಣಮರ

ಕನ್ನಡಿಯ ವಿಚಾರವನ್ನು ಮೂಲೆಮಟ್ಟದವರು ಬಗೆಹರಿಸಿದ್ದಾರೆ. ಆಳವಾದ ತೂತುಗಳ ಮತ್ತು ಸಿಕ್ಕಿಕೊಂಡ ಡೋವೆಲ್‌ನ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಳ ಹೆಚ್ಚಾದದ್ದಕ್ಕೆ ಕಾರಣ ತಡೆಬಳೆ. ಒಂದೇ ಚಿಕ್ಕ ತಿರುಪಿನಲ್ಲಿ ಬಿಟ್ಟನ್ನು ಹಿಡಿದಿರುವ ಬಳೆ ಪ್ರತಿ ಸಲ ಬುಶ್‌ಗೆ ಬಡಿದಾಗಲೂ ಒಂದಿಷ್ಟು ಮೇಲಕ್ಕೆ ಜಾರುತ್ತದೆ. ಮೊದಲ ತೂತಿಗೂ ಕೊನೆಯದಕ್ಕೂ ವ್ಯತ್ಯಾಸ ಬರುವುದು ಹೀಗೆಯೇ. ಬಳೆಯ ತಿರುಪು ಬಿಟ್‌ನ ಸುರುಳಿಯ ಏಣಿನ ಮೇಲಲ್ಲ, ಹಳ್ಳದಲ್ಲಿ ಕೂರುವಂತೆ ಬಿಗಿಯಿರಿ. ಬಳೆಯ ಮೇಲಂಚಿಗೆ ಸರಿಯಾಗಿ ಬಣ್ಣದ ಅಂಟುಪಟ್ಟಿ ಸುತ್ತಿಡಿ. ಬಳೆ ಜಾರಿದರೆ ಪಟ್ಟಿ ಮುದುರುತ್ತದೆ, ಕಣ್ಣಿಗೆ ಬೀಳುತ್ತದೆ. ಬರಿಯ ಅಂಟುಪಟ್ಟಿಯನ್ನೇ ಗುರುತಾಗಿ ನೆಚ್ಚಬೇಡಿ, ಬಿಸಿಯಾದ ಬಿಟ್‌ನಲ್ಲಿ ಅದೂ ಸರಿಯುತ್ತದೆ. ಒಮ್ಮೆ ನನ್ನ ಬಳೆ ಜಾರಿ, ತೆಳುವಾದ ಮೇಜಿನ ಹಲಗೆಯ ಮೇಲ್ಮುಖಕ್ಕೇ ಬಿಟ್ ಇಣುಕಿ ನೋಡಿತ್ತು. ಆ ಜಾಗದಲ್ಲಿ ಈಗಲೂ ಹೂದಾನಿ ಇಟ್ಟಿದ್ದೇವೆ.

ಕೊರೆಯುವಾಗ ಇನ್ನೊಂದು ಎಚ್ಚರ. ಡ್ರಿಲ್ಲನ್ನು ಒಂದೇ ದಮ್ಮಿಗೆ ಕೊನೆಯವರೆಗೂ ಒತ್ತಬೇಡಿ. ಬುಶ್‌ನೊಳಗೆ ಮರದ ಪುಡಿ ತುಂಬಿ ಬಿಟ್ ಕಾಯುತ್ತದೆ, ತೂತಿನ ಗೋಡೆ ಸುಟ್ಟು ನುಣುಪಾಗುತ್ತದೆ, ಅಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಎರಡು ಮೂರು ಸಲ ಹೊರಗೆಳೆದು ಪುಡಿ ತೆಗೆಯಿರಿ. ಬಿಟ್ ಬುಶ್‌ನೊಳಗೆ ಇಳಿದು ಮರಕ್ಕೆ ತಾಗುವ ಮೊದಲೇ ತಿರುಗುತ್ತಿರಬೇಕು. ತಾಗಿದ ಮೇಲೆ ಗುಂಡಿ ಒತ್ತಿದರೆ ಆ ಜಗ್ಗಿಗೆ ಜಿಗ್ ಅಲುಗುತ್ತದೆ.

ಸಿಕ್ಕಿಕೊಂಡ ಡೋವೆಲ್ ವಿಷಯ. ಅಂಗಡಿಯ ಡೋವೆಲ್‌ಗಳನ್ನು ಒತ್ತಿ ಮಾಡಿರುತ್ತಾರೆ, ಅಂಟಿನ ನೀರು ಕುಡಿದು ಉಬ್ಬಿ ಬಿಗಿಯಾಗಲಿ ಎಂಬುದೇ ಅದರ ಉದ್ದೇಶ. ಆದರೆ ಅವು ಗಾಳಿಯ ತೇವವನ್ನೂ ಕುಡಿಯುತ್ತವೆ. ನಿಮ್ಮ ಕ್ಯಾಲಿಪರ್‌ನಿಂದ ಒಂದು ಡೋವೆಲ್ಲನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಒಂದು ಕಡೆ 8.1, ತಿರುಗಿಸಿದರೆ 8.2 ಬಂದರೆ ಆಶ್ಚರ್ಯಪಡಬೇಡಿ. ಮರ ಬೆಳವಣಿಗೆಯ ಉಂಗುರದ ಗುಂಟ ಹಿಗ್ಗುವಷ್ಟು ಉಂಗುರಕ್ಕೆ ಅಡ್ಡಲಾಗಿ ಹಿಗ್ಗುವುದಿಲ್ಲ, ಹಾಗಾಗಿ ದುಂಡನೆಯ ಕಡ್ಡಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಬಿಟ್‌ನ ಅಳತೆಯನ್ನೂ ನೋಡಿಕೊಳ್ಳಿ. ಇಂಚಿನ ಲೆಕ್ಕದ 5/16 ಬಿಟ್ ಎಂದರೆ 7.94 ಮಿ.ಮೀ. ಅದು 8ರ ಬುಶ್‌ನೊಳಗೆ ಸಲೀಸಾಗಿ ಇಳಿಯುತ್ತದೆ, ಬದಲಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಡೋವೆಲ್ ಮಾತ್ರ ಮೊಂಡಾಟ ಮಾಡುತ್ತದೆ.

ಪರೀಕ್ಷೆಗೆಂದೇ ನಾಲ್ಕು ಡೋವೆಲ್‌ಗಳನ್ನು ಬೇರೆ ಇಟ್ಟುಕೊಳ್ಳಿ. ಮರಳುಕಾಗದ ಹಿಡಿದು ಕೈಯಿಂದ ಎಳೆದರೆ ಬರುವಷ್ಟು ಸಣ್ಣದು ಮಾಡಿ, ತಲೆಗೆ ಕೆಂಪು ಬಣ್ಣ ಬಳಿಯಿರಿ, ಅಂಟಿನ ಸಮಯದಲ್ಲಿ ಅವು ಕೈಗೆ ಬರದಿರಲಿ. ಈಗ ಸಿಕ್ಕಿರುವುದನ್ನು ಇಕ್ಕಳದಲ್ಲಿ ಎಳೆದಷ್ಟೂ ತಲೆ ಜಜ್ಜುತ್ತದೆ. ಅದರ ನಡುವಿಗೆ ಸಣ್ಣ ತೂತು ಮಾಡಿ, ಒಂದು ಸ್ಕ್ರೂ ಇಳಿಸಿ, ಸ್ಕ್ರೂ ತಲೆಯನ್ನು ಹಿಡಿದು ತಿರುಚುತ್ತಾ ಎಳೆಯಿರಿ.

ಅಂಟು ಹಚ್ಚುವಾಗ ತೂತಿನ ತಳಕ್ಕೆ ಸುರಿಯಬೇಡಿ. ತೆಳುವಾದ ಕಡ್ಡಿಯಿಂದ ಗೋಡೆಗೆ ಸವರಿ. ತಳದಲ್ಲಿ ಅಂಟು ನಿಂತರೆ ಡೋವೆಲ್ ಪಿಚಕಾರಿಯ ಕಡ್ಡಿಯಂತೆ ಕೆಲಸ ಮಾಡುತ್ತದೆ, ಅಂಟಿಗೆ ಹೋಗಲು ದಾರಿಯಿರುವುದಿಲ್ಲ, ಕೊಡತಿಯ ಏಟಿಗೆ ಮರವೇ ಸೀಳಬಹುದು. ಡೋವೆಲ್ ಮೈಮೇಲೆ ಗೀರುಗಳಿರುವುದು ಆ ಗಾಳಿ ಮತ್ತು ಅಂಟು ಮೇಲೆ ಬರಲಿ ಎಂದೇ. ನುಣುಪು ಕಡ್ಡಿಯನ್ನು ಕತ್ತರಿಸಿಕೊಂಡು ಬಳಸುವವರು ಉಳಿಯಿಂದ ಒಂದು ಗೀರು ಎಳೆದುಕೊಳ್ಳಬೇಕು.

ಸವೆದ ಉಳಿ

ಹೂದಾನಿಯ ಕಥೆ ಓದಿ ನಕ್ಕೆ. ನಮ್ಮ ಮನೆಯಲ್ಲಿಯೂ ಅಂಥ ಹೂದಾನಿಗಳಿವೆ. ಜಿಗ್ ಹಿಂದಿರುಗಿಸಿ ಎಂದದ್ದನ್ನು ವಾಪಸ್ ಪಡೆಯುತ್ತೇನೆ. ಆದರೆ ಮುಂದೆ ಮೇಜಿನ ಕಾಲು ಮಾಡಲು ಹೊರಟಾಗ ಇದೇ ಜಿಗ್ ನಿಮ್ಮನ್ನು ಕಟ್ಟಿಹಾಕುತ್ತದೆ, ಖಾತೆಪುಸ್ತಕದವರೇ. ಕಾಲು 40 ಮಿ.ಮೀ., ಅದಕ್ಕೆ ಕೂಡುವ ಪಟ್ಟಿ 20 ಎಂದಿಟ್ಟುಕೊಳ್ಳಿ. ಎರಡರಲ್ಲೂ ನಡು ಹಿಡಿದರೆ ಪಟ್ಟಿ ಕಾಲಿನ ಮುಖದಿಂದ 10 ಮಿ.ಮೀ. ಒಳಗೇ ಕೂರುತ್ತದೆ, ಬೇರೆ ಜಾಗವಿಲ್ಲ. ನಿಮಗೆ 5 ಮಿ.ಮೀ. ಒಳಗೆ ಬೇಕಾದರೆ ಕಾಲಿನ ಹೊರಮುಖಕ್ಕೆ 10 ಮಿ.ಮೀ.ಯ ಹಲಗೆತುಂಡು ಸೇರಿಸಿ ಜಿಗ್ ಹಿಡಿಸಬೇಕು, ಆಗ ನಡು 5 ಸರಿಯುತ್ತದೆ.

ಖಾತೆಪುಸ್ತಕ

ನಿಲುವುಪಟ್ಟಿಗೆ ಲಾಗ ಹಾಕಿಸಿದೆ. ಗಾಡಿ ಇನ್ನೂ ಹೊಡೆದಿರಲಿಲ್ಲ, ನನ್ನ ಸೋಮಾರಿತನ ಒಮ್ಮೆ ಕೆಲಸಕ್ಕೆ ಬಂತು. ಮುಖಗಳು ನಾಲ್ಕು ಮೂಲೆಗಳಲ್ಲಿಯೂ ಕೂಡಿದವು. ಮೇಲಿನ ತುದಿಯಲ್ಲಿ ನಿಲುವುಪಟ್ಟಿ ಕೂದಲೆಳೆಯಷ್ಟು ಉದ್ದ ಉಳಿಯಿತು, ಅದನ್ನು ಕೀಸುಳಿಯಿಂದ ಎರಡು ಸಲ ಎಳೆದು ತೆಗೆದೆ. ಬೆನ್ನಿನ ಕಡೆ ಒಂದು ಚಿಕ್ಕ ಗಂಟು ಇತ್ತು. ಈಗ ಅದು ಮುಂದೆ ಬಂದಿದೆ. ಮಗಳಿಗೆ ಅದೇ ಇಷ್ಟವಾಗಿದೆ.

ಸಿಕ್ಕಿದ ಡೋವೆಲ್ ಸ್ಕ್ರೂ ಹಾಕಿ ತಿರುಚಿದಾಗ ಕೀರಲು ದನಿ ಮಾಡುತ್ತಾ ಹೊರಬಂತು. ಅಳೆದರೆ 8.15. ಆಳವಾಗಿದ್ದ ಎರಡು ತೂತುಗಳ ತಳಕ್ಕೆ 6 ಮಿ.ಮೀ. ಉದ್ದದ ಡೋವೆಲ್ ತುಂಡು ಕೂರಿಸಿದೆ, ಆಳ 21ಕ್ಕೆ ಬಂತು. ಉಳಿದ ಡೋವೆಲ್‌ಗಳು ಡಬ್ಬಿಯಲ್ಲಿ ಒಣಗುತ್ತಿವೆ, ಅಂಟು ಮುಂದಿನ ರಜೆಗೆ.

ಜಿಗ್‌ನ ಹಿಡಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಪ್ರತಿ ಪಟ್ಟಿಯ ಮುಖದ ಮೇಲೂ ಪೆನ್ಸಿಲ್ ಗುರುತು ಹಾಕಿ, ಚುಕ್ಕೆ ಗುರುತನ್ನು ನೋಡುತ್ತಿದ್ದರೆ ಮಾತ್ರ ಡ್ರಿಲ್ ಗುಂಡಿ ಒತ್ತುವುದು. ವೈಸ್ಸನ್ನೂ ಗೋಡೆಯಿಂದ ಒಂದು ಮೊಳ ಈಚೆಗೆ ತಂದೆ. ಸವೆದ ಉಳಿಯವರೇ, ಮೇಜಿನ ಕಾಲಿನ ಲೆಕ್ಕ ಬರೆದಿಟ್ಟುಕೊಂಡಿದ್ದೇನೆ. ಆದರೆ ಹಲಗೆತುಂಡು ಸೇರಿಸಿದಾಗ ಕೆಂಪು ಚುಕ್ಕೆ ತುಂಡಿನ ಕಡೆಗಿರಬೇಕೋ, ಕಾಲಿನ ಕಡೆಗೋ?

ಸವೆದ ಉಳಿ

ತುಂಡು ಕಾಲಿನ ಹೊರಮುಖಕ್ಕೆ, ಚುಕ್ಕೆ ತುಂಡಿನ ಕಡೆಗೆ. ಪಟ್ಟಿಯ ತುದಿ ಕೊರೆಯುವಾಗಲೂ ಚುಕ್ಕೆ ಅದರ ಹೊರಮುಖಕ್ಕೇ ಇರಲಿ.